ಇಎಂಎಫ್: ಹೃದಯದ ಒಳಪೊರೆ ಗಟ್ಟಿಯಾಗುವುದು ಮರಗೆಣಸಿನಿಂದಲೇ?

ಪ್ರಶ್ನೆ: ನಾವು ಕಾಸರಗೋಡಿನವರು. ನಮ್ಮ ಅತ್ತಿಗೆಗೆ 38 ವರ್ಷ, ತವರು ಕೊಲ್ಲಂ ಹತ್ತಿರ. ಎರಡು ವರ್ಷದಿಂದ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲಿನಲ್ಲಿ ಮಾತ್ರ ಬಾವು ಅಷ್ಟಿಲ್ಲ. ಮೊದಲು ಲಿವರ್ ತೊಂದರೆ ಎಂದು ಔಷಧಿ ಕೊಟ್ಟರು. ಈಗ ಎಕೋ ಮಾಡಿಸಿದಾಗ ‘ಬಲ ಕೆಳಕೋಣೆಯ ತುದಿ ಮುಚ್ಚಿಹೋಗಿದೆ, ಇಎಂಎಫ್’ ಎಂದಿದ್ದಾರೆ. ಅದರಲ್ಲೇ ಎಡಭಾಗದ ಇಎಫ್ 62 ಎಂದೂ ಇದೆ. ಪಂಪಿಂಗ್ ಸರಿಯಿದ್ದರೆ ಇದು ಹೃದಯಸ್ನಾಯುವಿನ ರೋಗ ಹೇಗೆ? ಚಿಕ್ಕಂದಿನಲ್ಲಿ ಮರಗೆಣಸು ತಿಂದು ಬೆಳೆದದ್ದೇ ಕಾರಣ ಎಂದು ಕೆಲವರು ಹೇಳುತ್ತಾರೆ, ನಿಜವೇ? ಗಟ್ಟಿಯಾದದ್ದು ಔಷಧಿಯಿಂದ ಕರಗುತ್ತದೆಯೇ? ಮಕ್ಕಳಿಗೂ ಬರಬಹುದೇ?

ಉತ್ತರ: ಇಎಂಎಫ್ ಎಂದರೆ ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್. ಪಠ್ಯಪುಸ್ತಕಗಳು ಇದನ್ನು ಹೃದಯಸ್ನಾಯು ರೋಗಗಳ ಪಟ್ಟಿಗೆ ಸೇರಿಸುತ್ತವೆ, ಆದರೆ ಪೆಟ್ಟು ಬೀಳುವುದು ಮೊದಲು ಸ್ನಾಯುವಿಗಲ್ಲ, ಅದರ ಒಳಮೈಗೆ ಅಂಟಿಕೊಂಡಿರುವ ಪೊರೆಗೆ. ಇಷ್ಟು ತಿಳಿದರೆ ನಿಮ್ಮ ಅರ್ಧ ಗೊಂದಲ ಬಗೆಹರಿಯುತ್ತದೆ. ಇಎಫ್‌ನಿಂದಲೇ ಶುರು ಮಾಡೋಣ.

ಇಎಫ್ ಎಂದರೆ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂಬ ಲೆಕ್ಕ. ಎಷ್ಟು ತುಂಬಿತ್ತು ಎಂಬುದನ್ನು ಅದು ಹೇಳುವುದಿಲ್ಲ. 110 ಎಂಎಲ್ ಹಿಡಿಯುವ ಕೋಣೆ ಅದರಲ್ಲಿ 60 ಪಾಲು ಹಿಂಡಿದರೆ ಒಂದು ಬಡಿತಕ್ಕೆ 66 ಎಂಎಲ್ ಹೊರಡುತ್ತದೆ. ಕೋಣೆಗೆ ಬರುವುದೇ 50 ಎಂಎಲ್ ಆದರೆ ಅದೇ 60 ಪಾಲಿಗೆ ಹೊರಡುವುದು 30 ಎಂಎಲ್ ಮಾತ್ರ. ವರದಿಯಲ್ಲಿ ಎರಡೂ ‘ನಾರ್ಮಲ್’. ನಿಮ್ಮ ಅತ್ತಿಗೆಯ ವಿಷಯದಲ್ಲಿ ಕೆಟ್ಟಿರುವುದು ಬಲಗೋಣೆ. ಅದು ಮುಂದಕ್ಕೆ ಕಳಿಸದ ರಕ್ತ ಎಡಗೋಣೆಗೆ ಬರುವುದೇ ಇಲ್ಲ, ಬಂದಷ್ಟನ್ನು ಎಡಗೋಣೆ ಚೆನ್ನಾಗಿಯೇ ಹಿಂಡುತ್ತದೆ. ಹಾಗಾಗಿ ಇಎಂಎಫ್‌ನಲ್ಲಿ ಇಎಫ್ ನೋಡಿ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಇಲ್ಲಿ ಹಿಂಡುವ ಶಕ್ತಿಗಿಂತ ಸಡಿಲಗೊಂಡು ತುಂಬಿಕೊಳ್ಳುವ ಶಕ್ತಿ ಹೋಗಿರುತ್ತದೆ.

ಒಳಗೆ ಆಗುವುದೇನು ಎಂದು ಹತ್ತಿರದಿಂದ ನೋಡೋಣ. ಆರೋಗ್ಯವಂತರ ಕೆಳಕೋಣೆಯಲ್ಲಿ ಎಂಡೋಕಾರ್ಡಿಯಂ ಎಂಬ ಒಳಪೊರೆ ಒಂದು ಕೂದಲೆಳೆಯಷ್ಟೂ ದಪ್ಪ ಇರುವುದಿಲ್ಲ. ಹೊಳಪಿನ ಆ ಪೊರೆಯ ಕೆಳಗೆ ಸ್ನಾಯುವಿನ ಕೆಂಪು ಬಣ್ಣ ಕಾಣುತ್ತಿರುತ್ತದೆ. ಇಎಂಎಫ್ ಆದ ಹೃದಯವನ್ನು ಸೀಳಿ ನೋಡಿದರೆ ಅಲ್ಲಿ ಹಲವು ಮಿಲಿಮೀಟರ್ ದಪ್ಪದ, ಕೆಲವು ಕಡೆ ಸೆಂಟಿಮೀಟರ್‌ವರೆಗೂ ಹೋಗುವ ಬಿಳಿಯ ಗಟ್ಟಿ ಪದರವಿರುತ್ತದೆ. ಹಸಿ ತೆಂಗಿನಕಾಯಿಯ ಕರಟದೊಳಗೆ ತಿರುಳು ಕಟ್ಟಿದ ಹಾಗೆ. ಅದು ಎಲ್ಲೆಂದರಲ್ಲಿ ಕಟ್ಟುವುದಿಲ್ಲ. ಹೃದಯದ ತುದಿಯಲ್ಲಿ ಶುರುವಾಗಿ, ರಕ್ತ ಒಳಬರುವ ದಾರಿಗುಂಟ ಮೇಲೇರಿ, ಕವಾಟದ ದಾರಗಳನ್ನು ಹಿಡಿದುಕೊಂಡಿರುವ ಪುಟ್ಟ ಸ್ನಾಯುಗಂಬಗಳನ್ನು ನುಂಗಿ, ಕವಾಟದ ಬುಡದವರೆಗೂ ಬರುತ್ತದೆ. ರಕ್ತ ಹೊರಹೋಗುವ ದಾರಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದು ನಿಲ್ಲುವ ಕಡೆ ಎಷ್ಟೋ ಹೃದಯಗಳಲ್ಲಿ ದಂಡೆ ಕಟ್ಟಿದಂತೆ ಎದ್ದ ಅಂಚು ಕಾಣುತ್ತದೆ.

ಒಂದು ಕವಾಟ ಸೋರುವುದಕ್ಕೂ ಇದೇ ಕಾರಣ. ಎಡಭಾಗದಲ್ಲಿ ಮೈಟ್ರಲ್ ಕವಾಟದ ಹಿಂದಿನ ಎಸಳು ಗೋಡೆಗೆ ಅಂಟಿಕೊಂಡು ಅಲುಗಾಡದಂತಾಗುತ್ತದೆ, ಮುಂದಿನ ಎಸಳು ಒಂಟಿಯಾಗಿ ಬಾಗಿಲು ಮುಚ್ಚಲು ನೋಡುತ್ತದೆ. ಸಂಧಿವಾತಜ್ವರದಿಂದ, ಅಂದರೆ ರುಮ್ಯಾಟಿಕ್ ಜ್ವರದಿಂದ ಹಾಳಾದ ಕವಾಟದಲ್ಲಿ ಎರಡು ಎಸಳುಗಳ ಮೂಲೆಗಳು ಬೆಸೆದುಕೊಳ್ಳುತ್ತವೆ. ಇಲ್ಲಿ ಮೂಲೆಗಳು ಬೆಸೆದಿರುವುದಿಲ್ಲ, ಎಸಳು ಕೆಳಗಿನಿಂದ ಎಳೆದುಕೊಂಡಿರುತ್ತದೆ. ಎಕೋ ಮಾಡುವವರು ಈ ವ್ಯತ್ಯಾಸ ಗಮನಿಸದೆ ‘ರುಮ್ಯಾಟಿಕ್’ ಎಂದು ಬರೆದುಬಿಡುವುದುಂಟು.

ಬಲಭಾಗದಲ್ಲಿ ನಡೆಯುವುದು ಇನ್ನೂ ವಿಚಿತ್ರ. ತುದಿಯ ಬಿಳಿ ಪದರ ವರ್ಷಗಳು ಕಳೆದಂತೆ ಬಿಗಿದುಕೊಳ್ಳುತ್ತದೆ, ಕೋಣೆಯ ತುದಿಯನ್ನು ಒಳಕ್ಕೆ ಎಳೆಯುತ್ತದೆ. ಹೊರಗಿನಿಂದ ನೋಡಿದರೆ ಹೃದಯದ ಆ ಜಾಗದಲ್ಲಿ ಬೆರಳಿನಿಂದ ಒತ್ತಿದ ಹಾಗೆ ಗುಳಿ ಬಿದ್ದಿರುತ್ತದೆ. ಕೆಳಕೋಣೆ ಕುಗ್ಗಿ ಕೇವಲ ಹಾದುಹೋಗುವ ಕೊಳವೆಯಾಗುತ್ತದೆ, ಅದರ ಮೇಲಿನ ಕೋಣೆ ಒತ್ತಡ ತಾಳಲಾರದೆ ಬಲೂನಿನಂತೆ ಹಿಗ್ಗುತ್ತದೆ. ಎದೆಯ ಎಕ್ಸ್‌ರೇಯಲ್ಲಿ ‘ಹೃದಯ ದೊಡ್ಡದು’ ಎಂದು ಕಾಣುವುದು ಈ ಹಿಗ್ಗಿದ ಮೇಲ್ಕೋಣೆಯಿಂದ ಮತ್ತು ಹೊರಚೀಲದಲ್ಲಿ ನಿಂತ ನೀರಿನಿಂದ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪದರದಲ್ಲಿ ಮೂರು ಅಂತಸ್ತುಗಳಿವೆ. ಮೇಲೆ, ರಕ್ತಕ್ಕೆ ತಾಗುವ ಕಡೆ, ಜೀವಕೋಶಗಳೇ ಅಪರೂಪವಾದ ದಟ್ಟ ಕೊಲಾಜನ್ ನಾರು. ಅದರ ಮೇಲೆ ಅಲ್ಲಲ್ಲಿ ರಕ್ತದ ಹೆಪ್ಪು ಕೂತಿರಬಹುದು, ಹಳೆಯ ರೋಗದಲ್ಲಿ ಸುಣ್ಣವೂ ಕಟ್ಟಿರಬಹುದು. ಅದರ ಕೆಳಗೆ ಮಾಯುತ್ತಿರುವ ಗಾಯದ ಬುಡದಂತಹ ಸಡಿಲ ಅಂಗಾಂಶ: ಹಿಗ್ಗಿದ ಸಣ್ಣ ರಕ್ತನಾಳಗಳು, ಉರಿಯೂತದ ಕೋಶಗಳು, ಕೆಲವೊಮ್ಮೆ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ ಒಂದೆರಡು. ಇನ್ನೂ ಕೆಳಗೆ ಅಲ್ಲಿಂದ ಬೇರು ಇಳಿದ ಹಾಗೆ ನಾರಿನ ಎಳೆಗಳು ಸ್ನಾಯುವಿನೊಳಗೆ ಚಾಚಿರುತ್ತವೆ, ಆದರೆ ಬಹುಪಾಲು ಒಳಗಿನ ಮೂರನೇ ಒಂದು ಭಾಗದಲ್ಲೇ ನಿಲ್ಲುತ್ತವೆ. ಹೊರಗಿನ ಸ್ನಾಯು ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಎಳೆಮಕ್ಕಳಲ್ಲಿ ಕಾಣುವ ಎಂಡೋಕಾರ್ಡಿಯಲ್ ಫೈಬ್ರೋಇಲಾಸ್ಟೋಸಿಸ್ ಹೆಸರಿನಲ್ಲಿ ಇದಕ್ಕೆ ಹತ್ತಿರ, ಆದರೆ ಅದರ ಪದರದಲ್ಲಿ ಸಾಲುಸಾಲಾಗಿ ಎಲಾಸ್ಟಿಕ್ ಎಳೆಗಳಿರುತ್ತವೆ. ಇಎಂಎಫ್‌ನಲ್ಲಿ ಅವು ಕಡಿಮೆ, ಇದ್ದವೂ ಮುರಿದಿರುತ್ತವೆ. ಪೆಥಾಲಜಿ ಲ್ಯಾಬಿನಲ್ಲಿ ಎಲಾಸ್ಟಿಕ್ ಬಣ್ಣ ಹಾಕಿ ನೋಡಬೇಕಾದದ್ದು ಅದಕ್ಕೇ.

ಇನ್ನು ಕಾರಣ. ಒಂದೇ ಮಾತಿನಲ್ಲಿ ಹೇಳುವುದಾದರೆ ಸಾಬೀತಾದ ಒಂಟಿ ಕಾರಣ ಇಲ್ಲ. ಆರೋಪಿಗಳು ಹಲವರಿದ್ದಾರೆ. ಪ್ರತಿಯೊಬ್ಬರ ಮೇಲಿನ ಆರೋಪ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಿದ್ದುಹೋಗುತ್ತದೆ ಎಂದು ನೋಡುವುದೇ ಸರಿಯಾದ ದಾರಿ.

1940ರ ದಶಕದಲ್ಲಿ ಉಗಾಂಡದ ಕಂಪಾಲಾದಲ್ಲಿ ಪೆಥಾಲಜಿಸ್ಟ್ ಆಗಿದ್ದ ಜೆ. ಎನ್. ಪಿ. ಡೇವಿಸ್ ಶವಪರೀಕ್ಷೆಗಳಲ್ಲಿ ಇದೇ ಬಿಳಿ ಪದರವನ್ನು ಮತ್ತೆಮತ್ತೆ ಕಂಡು 1948ರಲ್ಲಿ ಬರೆದರು. ಆಮೇಲೆ ನೈಜೀರಿಯಾ, ಐವರಿಕೋಸ್ಟ್, ಮೊಜಾಂಬಿಕ್, ಬ್ರೆಜಿಲ್, ನಮ್ಮ ಕೇರಳ ಹೀಗೆ ಭೂಮಧ್ಯರೇಖೆಯ ಆಸುಪಾಸಿನ ಊರುಗಳ ಹೆಸರು ಸೇರುತ್ತಾ ಹೋದವು. ಇದಕ್ಕೂ ಮೊದಲೇ, 1936ರಲ್ಲಿ, ಸ್ವಿಟ್ಜರ್ಲೆಂಡಿನ ವಿಲ್ಹೆಲ್ಮ್ ಲೋಫ್ಲರ್ ಚಳಿ ದೇಶದಲ್ಲೇ ಇಂತಹ ಹೃದಯಗಳನ್ನು ವಿವರಿಸಿದ್ದರು. ಅವರ ರೋಗಿಗಳ ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ ವಿಪರೀತ ಹೆಚ್ಚಿತ್ತು.

ಮೊದಲ ಆರೋಪಿ ಇದೇ ಇಯೋಸಿನೊಫಿಲ್, ಸಾಕ್ಷಿಯೂ ಇದರ ಮೇಲೇ ಹೆಚ್ಚು. ಈ ಕಣದ ಹೊಟ್ಟೆಯಲ್ಲಿ ಹುಳುಗಳನ್ನು ಕೊಲ್ಲಲು ಇಟ್ಟ ವಿಷದ ಗುಳಿಗೆಗಳಂತಹ ಪ್ರೋಟೀನುಗಳಿವೆ. ತಿಂಗಳುಗಟ್ಟಲೆ ರಕ್ತದಲ್ಲಿ ಅವು ಹೆಚ್ಚಿದ್ದರೆ ಆ ಪ್ರೋಟೀನುಗಳು ಹೃದಯದ ಒಳಪೊರೆಯನ್ನೂ ಸುಡುತ್ತವೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವ್ಯವಸ್ಥೆಯನ್ನೂ ಕೆಡಿಸುತ್ತವೆ. ಲೋಫ್ಲರ್ ವಿವರಿಸಿದ ಬಗೆಯ ಹೃದಯಗಳನ್ನು ಅಭ್ಯಾಸ ಮಾಡಿದವರು ಮೂರು ಹಂತ ಗುರುತಿಸಿದ್ದಾರೆ. ಮೊದಲ ಕೆಲವು ವಾರ ಸ್ನಾಯುಕೋಶಗಳು ಸಾಯುತ್ತವೆ. ಸುಮಾರು ಹತ್ತು ತಿಂಗಳ ಹೊತ್ತಿಗೆ ಸುಟ್ಟ ಜಾಗದ ಮೇಲೆ ಹೆಪ್ಪು ಕಟ್ಟುತ್ತದೆ. ಎರಡು ವರ್ಷದ ಆಸುಪಾಸಿಗೆ ಆ ಹೆಪ್ಪು ನಾರಾಗಿ ಬಿಳಿ ಪದರವಾಗುತ್ತದೆ. ಕೊನೆಯ ಹಂತದ ಹೃದಯ ಯುರೋಪಿನದೋ ಉಗಾಂಡದ್ದೋ ಎಂದು ಬರೀ ನೋಡಿ ಹೇಳಲಾಗದು.

ಹಾಗಾದರೆ ತೀರ್ಪು ಬಂದಂತೆಯೇ? ಇಲ್ಲ. ಉಷ್ಣವಲಯದ ರೋಗಿ ಆಸ್ಪತ್ರೆಗೆ ಬರುವಾಗ ಪದರ ಕಟ್ಟಿ ವರ್ಷಗಳೇ ಆಗಿರುತ್ತವೆ, ರಕ್ತದಲ್ಲಿ ಇಯೋಸಿನೊಫಿಲ್ ಎಷ್ಟೋ ಸಲ ಸಾಮಾನ್ಯವಾಗಿರುತ್ತದೆ. ಹೆಚ್ಚಿದ್ದರೂ, ಹೊಟ್ಟೆಹುಳು ಎಲ್ಲರಿಗೂ ಇರುವ ಹಳ್ಳಿಯಲ್ಲಿ ಅದು ಏನನ್ನೂ ಹೇಳುವುದಿಲ್ಲ. ನೈಜೀರಿಯಾದಲ್ಲಿ ಲೋವಾ ಲೋವಾ ಎಂಬ ಕಣ್ಣಿನ ಹುಳದ ಮೇಲೆ ಸಂಶಯ ಬಂದಿತ್ತು. ಆ ಹುಳ ಇಂಡಿಯಾದಲ್ಲಿ ಇಲ್ಲವೇ ಇಲ್ಲ, ಕೇರಳದಲ್ಲಿ ರೋಗ ಇತ್ತು. ಆನೆಕಾಲು ರೋಗದ ಹುಳದ ಮೇಲೆ ಸಂಶಯಪಟ್ಟರೆ, ಆನೆಕಾಲು ಇರುವ ಕಡೆಯೆಲ್ಲ ಇಎಂಎಫ್ ಇಲ್ಲ.

ಎರಡನೆಯದು ಕೇರಳದ ಮಣ್ಣು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಈ ಜಾಡು ಹಿಡಿದರು. (ಮುಂದೆ ಮಣಿಪಾಲ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದವರು ಇವರೇ.) ನಿಮ್ಮ ಅತ್ತಿಗೆಯ ತವರಿನ ಚವರ, ನೀಂಡಕರ ಕಡಲತೀರದ ಮರಳಿನಲ್ಲಿ ಮೊನಜೈಟ್ ಖನಿಜವಿದೆ, ಅದರಲ್ಲಿ ಥೋರಿಯಂ ಮತ್ತು ಸೀರಿಯಂ ಎಂಬ ಲೋಹಗಳಿವೆ. ರೋಗಿಗಳ ಹೃದಯದ ಅಂಗಾಂಶದಲ್ಲಿ ಸೀರಿಯಂ ಹೆಚ್ಚು, ಮೆಗ್ನೀಸಿಯಂ ಕಡಿಮೆ ಎಂದು ಕಂಡಿತು. ಲ್ಯಾಬಿನಲ್ಲಿ ಸೀರಿಯಂನ ಅತಿ ಸಣ್ಣ ಪ್ರಮಾಣ ಹೃದಯದ ನಾರುಕೋಶಗಳನ್ನು ಕೆರಳಿಸಿ ಕೊಲಾಜನ್ ಹೆಚ್ಚು ಮಾಡಿಸಿತು, ಮೆಗ್ನೀಸಿಯಂ ಕೊರತೆಯಿರುವ ಇಲಿಗಳಲ್ಲಿ ಪರಿಣಾಮ ಇನ್ನೂ ಜೋರಾಯಿತು. ಈ ಕಥೆಯೊಳಕ್ಕೆ ಮರಗೆಣಸು ಬಂದದ್ದು ಹೀಗೆ: ಗಡ್ಡೆ ಮಣ್ಣಿನಿಂದ ಲೋಹ ಹೀರಿಕೊಳ್ಳುತ್ತದೆ, ಬಡವರ ತಟ್ಟೆಯಲ್ಲಿ ಅದೇ ಮುಖ್ಯ ಊಟ.

ಇದು ಅಂದವಾದ ಊಹೆ, ಪ್ರಯೋಗವೂ ಗಟ್ಟಿಯೇ. ಆದರೂ ಎರಡು ಕಡೆ ಸೋರುತ್ತದೆ. ಗಾಯ ಮಾಯ್ದ ದಟ್ಟ ನಾರು ಲೋಹವನ್ನು ಹಿಡಿದಿಟ್ಟುಕೊಳ್ಳಬಲ್ಲದು, ಆದ್ದರಿಂದ ಸೀರಿಯಂ ಅಲ್ಲಿ ಸಿಕ್ಕಿತು ಎಂದಮಾತ್ರಕ್ಕೆ ಅದೇ ಗಾಯ ಮಾಡಿತು ಎನ್ನಲಾಗದು. ಮತ್ತೆ, ಉಗಾಂಡ ಕಡಲೇ ಇಲ್ಲದ ದೇಶ, ಅಲ್ಲಿ ಚವರದಂತಹ ತೀರವಿಲ್ಲ. ಅತ್ತ ಮೊನಜೈಟ್ ಮರಳು ಇರುವ ಎಲ್ಲ ತೀರಗಳಲ್ಲೂ ಈ ರೋಗ ಕಂಡಿಲ್ಲ.

ಮರಗೆಣಸಿನ ಮೇಲೆ ಬೇರೆಯೇ ಒಂದು ದೂರೂ ಇದೆ. ಅದರಲ್ಲಿ ಸೈನೈಡ್ ಬಿಡುವ ಲಿನಾಮರಿನ್ ಇರುತ್ತದೆ, ಪ್ರೋಟೀನ್ ಬಹಳ ಕಡಿಮೆ. ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ರೋಗಿಗಳನ್ನು ಇತರರೊಂದಿಗೆ ಹೋಲಿಸಿದಾಗ ಕಡು ಬಡತನ, ಮರಗೆಣಸಿನ ಊಟ, ಇಯೋಸಿನೊಫಿಲ್ ಏರಿಕೆ ಈ ಮೂರೂ ಒಟ್ಟಿಗೆ ಕಂಡಿದ್ದವು. ‘ಒಟ್ಟಿಗೆ’ ಎಂಬ ಮಾತನ್ನು ಗಮನಿಸಿ. ಬಡತನ ಇದ್ದಲ್ಲಿ ಮರಗೆಣಸು, ಬರಿಗಾಲು, ಹುಳು, ಪ್ರೋಟೀನ್ ಕೊರತೆ ಎಲ್ಲವೂ ಜೊತೆಯಾಗಿಯೇ ಬರುತ್ತವೆ, ಯಾವುದು ಹೊಡೆಯಿತು ಎಂದು ಬೇರ್ಪಡಿಸುವುದು ಕಷ್ಟ. ತಿರುವಾಂಕೂರಿನಲ್ಲಿ ಮರಗೆಣಸು ಮನೆಮಾತಾದದ್ದು 1880ರ ದಶಕದಲ್ಲಿ ವಿಶಾಖಂ ತಿರುನಾಳ್ ರಾಜರ ಪ್ರೋತ್ಸಾಹದಿಂದ. ಅಂದಿನಿಂದ ಲಕ್ಷಾಂತರ ಜನ ತಿಂದಿದ್ದಾರೆ, ರೋಗ ಬಂದದ್ದು ಕೆಲವರಿಗೆ. ಕಳೆದ ಕೆಲವು ದಶಕಗಳಲ್ಲಿ ಕೇರಳದಲ್ಲಿ ಎಳೆಯ ವಯಸ್ಸಿನ ಹೊಸ ರೋಗಿಗಳು ಅಪರೂಪವಾಗಿದ್ದಾರೆ. ಊಟ, ಶೌಚಾಲಯ, ಚಪ್ಪಲಿ, ಹುಳುವಿನ ಮಾತ್ರೆ, ಆದಾಯ ಎಲ್ಲವೂ ಅದೇ ಕಾಲದಲ್ಲಿ ಬದಲಾದವು. ಮೊನಜೈಟ್ ಮರಳು ಮಾತ್ರ ಅಲ್ಲೇ ಇದೆ.

ಬಾಳೆಕಾಯಿಯ ಮೇಲೂ ಒಂದು ಕಾಲದಲ್ಲಿ ಆರೋಪ ಬಂದಿತ್ತು, ಅದರಲ್ಲಿರುವ ಸೆರೊಟೋನಿನ್ ಎಂಬ ರಾಸಾಯನಿಕದಿಂದಾಗಿ. ಸೆರೊಟೋನಿನ್ ಸುರಿಸುವ ಕಾರ್ಸಿನಾಯ್ಡ್ ಗಡ್ಡೆಗಳಿಂದಲೂ ಹೃದಯದ ಒಳಗೆ ಬಿಳಿ ಪದರ ಕಟ್ಟುತ್ತದೆ ಎಂಬುದು ಆಧಾರ. ಅಂಗರಚನೆ ನೋಡಿದರೆ ಈ ವಾದ ನಿಲ್ಲುವುದಿಲ್ಲ. ಕಾರ್ಸಿನಾಯ್ಡ್ ಕವಾಟದ ಎಸಳುಗಳ ಮೇಲೇ ಕೂರುತ್ತದೆ, ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಕವಾಟವನ್ನೂ ಬಿಡುವುದಿಲ್ಲ. ಇಎಂಎಫ್ ತುದಿಯನ್ನು ಹಿಡಿಯುತ್ತದೆ, ಪಲ್ಮನರಿ ಕವಾಟವನ್ನು ಬಿಡುತ್ತದೆ. ತಿಂದ ಸೆರೊಟೋನಿನ್‌ನ ಬಹುಪಾಲು ಲಿವರಿನಲ್ಲೇ ಒಡೆದುಹೋಗುತ್ತದೆ.

ಕುಟುಂಬದ ಪಾತ್ರವೂ ಇದೆ. 2008ರಲ್ಲಿ ಪ್ರಕಟವಾದ ಮೊಜಾಂಬಿಕ್‌ನ ಅಧ್ಯಯನದಲ್ಲಿ ಆನಾ ಓಲ್ಗಾ ಮೊಕುಂಬಿ ಮತ್ತು ತಂಡದವರು ಇನ್ಯಾಸೊರೊ ಎಂಬ ಕರಾವಳಿ ಜಿಲ್ಲೆಯಲ್ಲಿ ಎಲ್ಲ ವಯಸ್ಸಿನ 1063 ಜನರಿಗೆ ಎಕೋ ಮಾಡಿದರು. 211 ಜನರಲ್ಲಿ, ಅಂದರೆ ಶೇ 19.8ರಷ್ಟು ಮಂದಿಯಲ್ಲಿ, ರೋಗ ಕಂಡಿತು. ಅದರಲ್ಲಿ ತೊಂದರೆ ಅನುಭವಿಸುತ್ತಿದ್ದವರು 48 ಮಂದಿ ಮಾತ್ರ. ಹೆಚ್ಚು ಕಂಡದ್ದು 10ರಿಂದ 19 ವರ್ಷದವರಲ್ಲಿ, ಕುಟುಂಬಗಳೊಳಗೆ ಗುಂಪುಗಟ್ಟಿಯೂ ಇತ್ತು. ಒಂದೇ ಮನೆಯವರಿಗೆ ವಂಶವೂ ಒಂದೇ, ಅಡುಗೆಯೂ ಒಂದೇ, ಅಂಗಳವೂ ಒಂದೇ, ಹಾಗಾಗಿ ಇದನ್ನು ಬರೀ ವಂಶವಾಹಿ ಎನ್ನಲೂ ಆಗದು. ಈ ಅಧ್ಯಯನ ಕಲಿಸುವ ದೊಡ್ಡ ಪಾಠ ಬೇರೆ: ಹಾನಿ ಬಾಲ್ಯದಲ್ಲಿ, ಸದ್ದಿಲ್ಲದೆ ಆಗುತ್ತದೆ.

ಎಲ್ಲವನ್ನೂ ತೂಗಿದರೆ ಹೆಚ್ಚು ಒಪ್ಪುವ ಚಿತ್ರ ಹೀಗೆ: ಬಾಲ್ಯದಲ್ಲಿ ಹುಳು ಅಥವಾ ಇನ್ನಾವುದೋ ಸೋಂಕಿನಿಂದ ಒಳಪೊರೆಗೆ ಉರಿಯೂತದ ಪೆಟ್ಟು, ದೇಹಗುಣದಿಂದ ಅದಕ್ಕೆ ಬಲಿಯಾಗುವ ಕೆಲವರು, ಪೋಷಣೆಯ ಕೊರತೆಯಿಂದ ಕೆಟ್ಟ ಮಾಯುವಿಕೆ. ಸೀರಿಯಂನಂತಹದ್ದು ಇದ್ದರೆ ಅದು ಬೆಂಕಿ ಹಚ್ಚಿದ್ದಲ್ಲ, ಉರಿಯುವ ಬೆಂಕಿಗೆ ಎಣ್ಣೆ ಸುರಿದದ್ದು. ಆದ್ದರಿಂದ ಅತ್ತಿಗೆಯ ತವರಿನವರ ಅಡುಗೆಮನೆಯನ್ನು ದೂರಬೇಡಿ. ಈಗ ಮರಗೆಣಸು ಬಿಟ್ಟರೂ ಕಟ್ಟಿದ ಪದರ ಹೋಗದು. ಸಿಪ್ಪೆ ತೆಗೆದು, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ, ಮೀನು, ಮೊಟ್ಟೆ ಅಥವಾ ಬೇಳೆಯ ಜೊತೆ ತಿಂದರೆ ಅಡ್ಡಿಯಿಲ್ಲ.

ಕಾಲಿಗಿಂತ ಹೊಟ್ಟೆಯಲ್ಲೇ ನೀರು ಹೆಚ್ಚಾಗಿರುವುದು ಬಲಭಾಗದ ಇಎಂಎಫ್‌ನ ಗುರುತು. ದೊಡ್ಡ ಹೊಟ್ಟೆ, ಕಡ್ಡಿಯಂತಹ ಕಾಲು. ಒತ್ತಡವೊಂದೇ ಕಾರಣವಾಗಿದ್ದರೆ ಕಾಲಲ್ಲೂ ನೀರಿಳಿಯಬೇಕಿತ್ತು. ಹೊಟ್ಟೆಯ ನೀರನ್ನು ಪರೀಕ್ಷಿಸಿದರೆ ಅದರಲ್ಲಿ ಪ್ರೋಟೀನ್ ಹೆಚ್ಚು, ಲಿಂಫೋಸೈಟ್ ಕೋಶಗಳೂ ಇರುತ್ತವೆ, ಅಂದರೆ ಹೊಟ್ಟೆಯೊಳಗಿನ ಪೊರೆಯಲ್ಲೂ ಉರಿಯೂತ ಇರಬಹುದು. ಇದೇ ನೀರನ್ನು ನೋಡಿ ಟಿಬಿ ಎಂದು ತಪ್ಪು ತಿಳಿಯುವುದು ಸಾಮಾನ್ಯ. ಹಾಗೆಂದು ಟಿಬಿಯನ್ನು ಪಟ್ಟಿಯಿಂದ ತೆಗೆಯಲೂ ಬಾರದು: ನಮ್ಮ ಕಡೆ ಹೃದಯದ ಹೊರಚೀಲ ಟಿಬಿಯಿಂದ ಗಟ್ಟಿಯಾಗಿ ಹಿಸುಕುವುದೂ ಇದೇ ಲಕ್ಷಣ ಕೊಡುತ್ತದೆ. ಅದರ ಶಸ್ತ್ರಚಿಕಿತ್ಸೆ ಹೊರಚೀಲ ಬಿಡಿಸುವುದು, ಇದರದ್ದು ಒಳಪದರ ಬಿಡಿಸುವುದು. ತಪ್ಪು ಮೈ ಸುಲಿದರೆ ಪ್ರಯೋಜನವಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಹೊರಚೀಲದ ದಪ್ಪ, ಎಂಆರ್‌ಐನಲ್ಲಿ ತುದಿಯ ಪದರ ತಿಳಿಯುತ್ತವೆ. ಗ್ಯಾಡೋಲಿನಿಯಂ ಎಂಬ, ಚಿತ್ರವನ್ನು ಸ್ಪಷ್ಟಗೊಳಿಸುವ ದ್ರವ ಕೊಟ್ಟು ಎಂಆರ್‌ಐ ತೆಗೆದಾಗ ಹೊರಗೆ ಮಾಮೂಲಿ ಸ್ನಾಯು, ನಡುವೆ ಬೆಳ್ಳಗೆ ನಾರು, ಒಳಗೆ ಕಪ್ಪಗೆ ಹೆಪ್ಪು ಹೀಗೆ ಮೂರು ಪಟ್ಟೆ ಕಂಡರೆ ಸಂಶಯ ಬಹಳ ಮಟ್ಟಿಗೆ ತೀರುತ್ತದೆ. ತುಣುಕು ತೆಗೆದು ಬಯಾಪ್ಸಿ ಮಾಡಿಸಲೇಬೇಕೆಂದಿಲ್ಲ. ಪದರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ತುಣುಕು ತೆಗೆಯುವ ಚಿಮಟ ತಪ್ಪು ಜಾಗ ಹಿಡಿಯಬಹುದು, ಒಳಗಿನ ಹೆಪ್ಪು ಕಿತ್ತು ಹರಿಯುವ ಅಪಾಯವೂ ಇದೆ.

ಒಂದು ರಕ್ತಪರೀಕ್ಷೆ ಮಾತ್ರ ಬಿಡಬೇಡಿ: ಇಯೋಸಿನೊಫಿಲ್‌ನ ಒಟ್ಟು ಸಂಖ್ಯೆ. ಶೇಕಡಾವಾರು ನೋಡಿ ನಿರ್ಧರಿಸಬೇಡಿ, ಗುಣಿಸಿ ನೋಡಿ. ಬಿಳಿ ರಕ್ತಕಣ 9000, ಇಯೋಸಿನೊಫಿಲ್ ಶೇ 20 ಇದ್ದರೆ 1800 ಆಯಿತು. ಕೆಲವು ವಾರಗಳ ಅಂತರದಲ್ಲಿ ಎರಡು ಸಲ 1500 ದಾಟಿದ್ದರೆ ರೋಗ ಇನ್ನೂ ಜೀವಂತ ಇರಬಹುದು, ಆಗ ಸ್ಟೀರಾಯ್ಡ್‌ಗೆ ಜಾಗವಿದೆ. ಆದರೆ ಅದಕ್ಕೆ ಮೊದಲು ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳಕ್ಕೆ ಪರೀಕ್ಷೆ ಅಥವಾ ಚಿಕಿತ್ಸೆ ಆಗಲೇಬೇಕು. ಅದು ಒಳಗಿರುವಾಗ ಸ್ಟೀರಾಯ್ಡ್ ಕೊಟ್ಟರೆ ಹುಳು ದೇಹವೆಲ್ಲ ಹರಡಿ ಪ್ರಾಣಕ್ಕೆ ಬರುತ್ತದೆ. ಸಂಖ್ಯೆ ಸಾಮಾನ್ಯವಾಗಿದ್ದರೆ ಸ್ಟೀರಾಯ್ಡ್‌ನಿಂದ ಲಾಭವಿಲ್ಲ, ಬರೀ ತೊಂದರೆ.

ಕಟ್ಟಿದ ನಾರನ್ನು ಕರಗಿಸುವ ಮಾತ್ರೆ ಇಲ್ಲ. ಫ್ಯೂರೋಸಮೈಡ್, ಸ್ಪೈರೊನೊಲ್ಯಾಕ್ಟೋನ್‌ನಂತಹ ಮಾತ್ರೆಗಳು ನೀರನ್ನು ಇಳಿಸುತ್ತವೆ, ಅಷ್ಟೇ. ಇಲ್ಲಿ ಒಂದು ಬಿಕ್ಕಟ್ಟಿದೆ. ಬಿಗಿದ ಕೋಣೆ ತುಂಬಲು ಸ್ವಲ್ಪ ಹೆಚ್ಚಿನ ಒತ್ತಡ ಬೇಕೇ ಬೇಕು, ನೀರನ್ನು ಪೂರ್ತಿ ಹಿಂಡಿದರೆ ರಕ್ತ ಮುಂದಕ್ಕೆ ಹೋಗುವುದಿಲ್ಲ. ದಿನಾ ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಒಂದೇ ತೂಕಯಂತ್ರದಲ್ಲಿ ತೂಕ ಬರೆದಿಡಿ. ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆಯನ್ನೂ ಬರೆಯಿರಿ. ಎದ್ದು ನಿಂತರೆ ತಲೆಸುತ್ತು, ಮೂತ್ರ ಕಡಿಮೆ, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಳತೆ) ಏರಿಕೆ ಕಂಡರೆ ಮಾತ್ರೆ ಹೆಚ್ಚಾಗಿದೆ ಎಂದರ್ಥ, ವೈದ್ಯರಿಗೆ ತಿಳಿಸಿ. ಸ್ಪೈರೊನೊಲ್ಯಾಕ್ಟೋನ್ ಇರುವಾಗ ದಿನಾ ಎಳನೀರು, ‘ಲೋ ಸೋಡಿಯಂ’ ಉಪ್ಪು ಬೇಡ, ಪೊಟ್ಯಾಸಿಯಂ ಏರುತ್ತದೆ. ಹೊಟ್ಟೆಯಿಂದ ಸೂಜಿ ಹಾಕಿ ನೀರು ತೆಗೆಸುವುದು ಉಸಿರಾಟಕ್ಕೆ ತೊಂದರೆಯಾದಾಗ ಸರಿ, ಅಭ್ಯಾಸವಾಗಬಾರದು, ಪ್ರತಿ ಲೀಟರಿನೊಂದಿಗೆ ಪ್ರೋಟೀನ್ ಹೋಗುತ್ತದೆ. ನಾಡಿಬಡಿತವನ್ನು ಬಹಳ ನಿಧಾನಗೊಳಿಸುವ ಮಾತ್ರೆಗಳ ಬಗ್ಗೆಯೂ ಎಚ್ಚರ ಬೇಕು. ಪ್ರತಿ ಬಡಿತದಲ್ಲಿ ಹೊರಡುವ ರಕ್ತ ಹೆಚ್ಚಾಗಲಾರದ್ದರಿಂದ ದೇಹ ಬಡಿತದ ಸಂಖ್ಯೆಯಿಂದಲೇ ಸರಿದೂಗಿಸಿಕೊಂಡಿರುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಅಡ್ಡಾದಿಡ್ಡಿ ಬಡಿತ ಅಥವಾ ಹೆಪ್ಪು ಕಂಡರೆ ರಕ್ತ ತೆಳುಮಾಡುವ ಔಷಧಿ ಬೇಕಾಗುತ್ತದೆ. ವಾರ್ಫರಿನ್ ಆದರೆ ಲಿವರ್ ಊದಿಕೊಂಡವರಲ್ಲಿ ಸಣ್ಣ ಪ್ರಮಾಣಕ್ಕೇ ಐಎನ್ಆರ್ (ರಕ್ತ ಎಷ್ಟು ತೆಳುವಾಗಿದೆ ಎಂಬ ಅಳತೆ) ಮಿತಿ ದಾಟುತ್ತದೆ, ಮೊದಲ ವಾರಗಳಲ್ಲಿ ಪದೇಪದೇ ನೋಡಿಸಿ.

ಶಸ್ತ್ರಚಿಕಿತ್ಸೆ ಇದೆ. ಬಿಳಿ ಪದರವನ್ನು ಸ್ನಾಯುವಿನಿಂದ ಸುಲಿದು ತೆಗೆದು, ಕವಾಟವನ್ನು ರಿಪೇರಿ ಮಾಡುವುದು ಅಥವಾ ಬದಲಿಸುವುದು. ಪ್ಯಾರಿಸ್‌ನ ಶಾರ್ಲ್ ದ್ಯುಬೊಸ್ಟ್ 1970ರ ದಶಕದ ಆರಂಭದಲ್ಲಿ ತೋರಿಸಿದ ದಾರಿ ಇದು. ಹಳೆಯ ಸರಣಿಗಳಲ್ಲಿ ಆಪರೇಷನ್ ಸಮಯದ ಸಾವು ಶೇ 15ರಿಂದ 30ರವರೆಗೆ ಇತ್ತು, ಇದು ಸಣ್ಣ ಮಾತಲ್ಲ. ನಡುಗೋಡೆಯ ಹತ್ತಿರ ಆಳವಾಗಿ ಸುಲಿದರೆ ಹೃದಯದ ವಿದ್ಯುತ್ ತಂತು ಕಡಿದು ಪೇಸ್‌ಮೇಕರ್ ಬೇಕಾಗಬಹುದು. ಬಲಗೋಣೆ ತೀರಾ ಕುಗ್ಗಿದ್ದರೆ ತಲೆ-ಕೈಗಳಿಂದ ಬರುವ ರಕ್ತವನ್ನು ನೇರವಾಗಿ ಶ್ವಾಸಕೋಶಕ್ಕೆ ಜೋಡಿಸುವ ಗ್ಲೆನ್ ಎಂಬ ಮಾರ್ಗವನ್ನೂ ಸೇರಿಸುತ್ತಾರೆ. ನಡೆದರೆ ಏದುಸಿರು, ಮಾತ್ರೆ ಹೆಚ್ಚಿಸುತ್ತಲೇ ಹೋಗಬೇಕಾಗಿರುವ ಸ್ಥಿತಿ ಬಂದಿದ್ದರೆ, ಲಿವರ್ ಗಟ್ಟಿಯಾಗುವ ಮೊದಲೇ ಅಭಿಪ್ರಾಯ ಕೇಳಬೇಕು. ಇಂತಹ ರೋಗಿಗಳನ್ನು ದಶಕಗಳಿಂದ ನೋಡಿರುವ ತಿರುವನಂತಪುರದ ಶ್ರೀ ಚಿತ್ರಾ ನಿಮ್ಮಿಂದ ಒಂದು ರಾತ್ರಿಯ ರೈಲು ದೂರದಲ್ಲಿದೆ. ಎಕೋದ ವರದಿ ಮಾತ್ರ ಸಾಲದು, ವಿಡಿಯೊ ಇರುವ ಸಿ.ಡಿ.ಯನ್ನೂ ಒಯ್ಯಿರಿ.

ಮಕ್ಕಳ ವಿಷಯ: ತಾಯಿಯಿಂದ ನೇರವಾಗಿ ಇಳಿದುಬರುವ ರೋಗ ಇದಲ್ಲ, ಸೋಂಕಿನಂತೆ ಹರಡುವುದೂ ಇಲ್ಲ. ಒಂದು ಸಲ ಎಕೋ ಮಾಡಿಸಿ, ಇಯೋಸಿನೊಫಿಲ್ ಸಂಖ್ಯೆ ನೋಡಿಸಿ, ಶಾಲೆಯಲ್ಲಿ ಕೊಡುವ ಹುಳುವಿನ ಮಾತ್ರೆ ತಪ್ಪಿಸಬೇಡಿ. ಎಕೋ ಮಾಡುವವರಿಗೆ ‘ತುದಿಯನ್ನು ಗಮನಿಸಿ’ ಎಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ, ಆರಂಭದ ರೋಗ ಅಲ್ಲೇ ಅಡಗಿರುತ್ತದೆ.